ಹೊಲದಡಿಯ ಕೊಳವೆ, ನೆರೆಮನೆಯ ಹಕ್ಕು

ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲವನ್ನು ತರುವ, ಸುಮಾರು 450 ಕಿಲೋಮೀಟರ್ ಉದ್ದದ ಕೊಳವೆಮಾರ್ಗವು 2021ರ ಜನವರಿ 5ರಂದು ಲೋಕಾರ್ಪಣೆಗೊಂಡಿತು. ಕಾಮಗಾರಿ ಪೂರ್ಣಗೊಳ್ಳಲು ವರ್ಷಗಳೇ ಹಿಡಿದವು. ಚಂದ್ರಗಿರಿ ಹೊಳೆಯನ್ನು ದಾಟಿಸುವ ಕಷ್ಟವೊಂದೇ ಇದಕ್ಕೆ ಕಾರಣವಲ್ಲ. ಕೇರಳದ ಮುಕ್ಕಂ ಬಳಿ 2017ರ ನವೆಂಬರ್‌ನಲ್ಲಿ ಜನರು ಬೀದಿಗಿಳಿದರು, ಪೊಲೀಸರು ಲಾಠಿ ಬೀಸಿದರು. ಪರಿಹಾರವು ಅಲ್ಪವೆಂಬ ಅಸಮಾಧಾನದೊಡನೆ, ತಮ್ಮ ಹಿತ್ತಲಲ್ಲಿ ನಡೆಯುವುದನ್ನು ತಮಗೆ ಸರಿಯಾಗಿ ತಿಳಿಸಲಿಲ್ಲವೆಂಬ ನೋವೂ ಅಲ್ಲಿತ್ತು.

ಕಾನೂನು ಏನನ್ನುತ್ತದೆ? 1962ರ ಕೊಳವೆಮಾರ್ಗ ಅಧಿನಿಯಮದಂತೆ ಜಮೀನಿನ ಒಡೆತನ ಮಾಲಕರಲ್ಲಿಯೇ ಉಳಿಯುತ್ತದೆ. ಬಳಕೆಯ ಹಕ್ಕನ್ನು ಮಾತ್ರ ಸರಕಾರ ಪಡೆಯುತ್ತದೆ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹತ್ತಿಪ್ಪತ್ತು ಸೆಂಟ್ಸ್ ಜಾಗದಲ್ಲಿ ತೆಂಗು ಬಾಳೆ ನಂಬಿದ ಕುಟುಂಬಕ್ಕೆ ಇದು ಸಣ್ಣ ಮಾತೇ? ರಾಜಪತ್ರದಲ್ಲಿ ಪ್ರಕಟಣೆ ಹೊರಟ ಬಳಿಕ ಆಕ್ಷೇಪಕ್ಕೆ ಇರುವ ಅವಧಿ 21 ದಿನಗಳು. ರಾಜಪತ್ರವನ್ನು ಓದುವ ಕೃಷಿಕರು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ವಾಚಕರೇ ಬಲ್ಲರು. ಆದುದರಿಂದ ಪ್ರಕಟಣೆಯೇ ಬೇರೆ, ತಿಳಿಸುವುದೇ ಬೇರೆ ಎಂದು ನಾವು ಭಾವಿಸುತ್ತೇವೆ.

ತಿಳಿಸಬೇಕಾದುದು ಬಹಳವಿದೆ. ಅಗೆತ ಯಾವ ದಿನ ಆರಂಭ, ದಾರಿ ಎಷ್ಟು ದಿನ ಮುಚ್ಚುತ್ತದೆ, ಕಡಿದ ಕಂಪೌಂಡನ್ನು ಯಾರು ಮರಳಿ ಕಟ್ಟಿಕೊಡುತ್ತಾರೆ ಎಂಬುದು ಮೊದಲಿನದು. ಕೊಳವೆಯನ್ನು ಸಾಮಾನ್ಯವಾಗಿ ಮೊದಲು ನೀರು ತುಂಬಿ, ಅಧಿಕ ಒತ್ತಡದಲ್ಲಿ ಪರೀಕ್ಷಿಸುತ್ತಾರೆ. ಅನಿಲ ಕೇಂದ್ರಗಳಲ್ಲಿ ದುರಸ್ತಿಗಾಗಿ ಕೆಲವೊಮ್ಮೆ ಅನಿಲವನ್ನು ಬೇಕೆಂದೇ ಹೊರಬಿಡುವುದುಂಟು. ಆಗ ಭಾರೀ ಸದ್ದು ಏಳುತ್ತದೆ. ಮುಂಚಿತವಾಗಿ ಹೇಳಿದರೆ ಅದು ಬರಿಯ ಸದ್ದು. ಹೇಳದಿದ್ದರೆ ಮಕ್ಕಳನ್ನೂ ಮುದುಕರನ್ನೂ ಎತ್ತಿಕೊಂಡು ರಾತ್ರಿಯಲ್ಲಿ ಓಡಬೇಕಾದೀತು.

ತಿಳಿಸದಿರುವುದರ ಬೆಲೆಯನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಬ್ರೂನೋ ಪಟ್ಟಣ ತೆತ್ತಿತು. 2010ರ ಸೆಪ್ಟೆಂಬರ್ 9ರ ಸಂಜೆ, 1956ರಲ್ಲಿ ಹೂಳಿದ್ದ ಕೊಳವೆ ಸಿಡಿದು 8 ಜನ ಮಡಿದರು, 38 ಮನೆಗಳು ನೆಲಸಮವಾದವು. ಅನಿಲದ ಹರಿವನ್ನು ನಿಲ್ಲಿಸಲು 95 ನಿಮಿಷ ಹಿಡಿಯಿತು. ಬೆಂಕಿ ನಂದಿಸಲು ಧಾವಿಸಿದವರಿಗೂ ಅಷ್ಟು ದೊಡ್ಡ ಕೊಳವೆ ಅಲ್ಲಿರುವುದು ಗೊತ್ತಿರಲಿಲ್ಲ. ನಿವಾಸಿಗಳಿಗೆ ತಿಳಿವಳಿಕೆ ನೀಡುವ ಕಂಪೆನಿಯ ಕಾರ್ಯಕ್ರಮ ನಿಷ್ಫಲವಾಗಿತ್ತೆಂದು ತನಿಖಾ ಮಂಡಳಿಯು ಸ್ಪಷ್ಟವಾಗಿ ಬರೆದಿದೆ.

ನಮ್ಮ ಮನೆಗಳಲ್ಲಿಯೂ ಕೆಲವು ವಿಷಯ ಅರಿತಿರಬೇಕು. ಸಿಲಿಂಡರಿನ ಅನಿಲ ಸೋರಿದರೆ ನೆಲಕ್ಕಿಳಿದು ನಿಲ್ಲುತ್ತದೆ. ಕೊಳವೆಯ ನೈಸರ್ಗಿಕ ಅನಿಲವು ಗಾಳಿಗಿಂತ ಹಗುರ, ಅದು ಮೇಲೇರುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ಮನೆಗಳಿಗೆ ಹಂಚುವಾಗ ಕೆಟ್ಟ ವಾಸನೆಯ ದ್ರವ್ಯವನ್ನು ಬೆರೆಸುತ್ತಾರೆ. ವಾಸನೆ ಬಂದೊಡನೆ ಸ್ವಿಚ್ಚು ಮುಟ್ಟದೆ, ಬೆಂಕಿ ಹಚ್ಚದೆ, ಕಿಟಕಿ ಬಾಗಿಲು ತೆರೆದು ಹೊರಬಂದು ದೂರದಿಂದ 112ಕ್ಕೆ ಕರೆ ಮಾಡಬೇಕು.

ಕಾಮಗಾರಿ ನಡೆಸುವವರಿಗೆ ನಾವು ಹೇಳುವುದಿಷ್ಟೇ: ಕನ್ನಡದಲ್ಲಿ ಒಂದು ಪುಟದ ಕಾಗದವನ್ನು ಮನೆಮನೆಗೆ ಮುಟ್ಟಿಸಲಿ, ಅದರಲ್ಲಿ ಹೊಣೆಗಾರ ಅಧಿಕಾರಿಯ ಹೆಸರೂ ದೂರವಾಣಿಯೂ ಇರಲಿ, ಕೆಲಸದ ದಿನಾಂಕ ಬದಲಾದರೆ ಮತ್ತೊಮ್ಮೆ ಬಂದು ಹೇಳಲಿ. ಇತ್ತ ನಾವೂ ಬಾವಿಗೆ ಗುರುತು ಹಾಕುವ ಮುನ್ನ ಕೊಳವೆಯ ಗುರುತುಕಂಬ ಹತ್ತಿರದಲ್ಲಿದೆಯೇ ಎಂದು ನೋಡಬೇಕು. ಅಗೆಯುವವರಿಗಾಗಿಯೇ 2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಹೊರತಂದಿದೆ. ಜೆಸಿಬಿ ಕರೆಸುವ ಮೊದಲು ಗುತ್ತಿಗೆದಾರನು ಅದರಲ್ಲಿ ವಿಚಾರಿಸಿದ್ದಾನೆಯೇ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.