ಜೊತೆಗೆ ಬಂದವರನ್ನು ಏನು ಕೇಳಬೇಕು?

ಬಸವಕಲ್ಯಾಣ ತಾಲ್ಲೂಕಿನ ಮಂಠಾಳ ಸೀಮೆಯಲ್ಲಿ ರಾತ್ರೋರಾತ್ರಿ ಯಾರದಾದರೂ ಬುದ್ಧಿ ಸ್ತಿಮಿತ ತಪ್ಪಿದರೆ ಆ ಮನುಷ್ಯ ಒಬ್ಬನೇ ದವಾಖಾನೆಗೆ ಬರುವುದಿಲ್ಲ. ಕ್ರೂಸರಿನಲ್ಲೋ ಟಂಟಂನಲ್ಲೋ ಅವ್ವ, ಕಾಕಾ, ಅಳಿಯ, ತೆಕ್ಕೆ ಹಾಕಿ ಹಿಡಿದುಕೊಳ್ಳಲು ಪಕ್ಕದ ಮನೆಯ ಇಬ್ಬರು ಹುಡುಗರು, ಹೀಗೆ ಐದಾರು ಜನ ಇಳಿಯುತ್ತಾರೆ. ‘ನಾಕ್ ದಿನ ಆಯ್ತು ಸಾಹೇಬ್ರ, ನಿದ್ದಿ ಇಲ್ಲ, ಗಾಳಿ ಬಡದಂಗ ಮಾಡ್ಲತ್ಯಾನ’ ಎಂದು ಎಲ್ಲರೂ ಒಟ್ಟಿಗೇ ಶುರುಮಾಡುತ್ತಾರೆ. ಒಳಗಿನಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಒಬ್ಬರು ಇರ್ರಿ, ಉಳಿದವರು ಹೊರಗೆ ನಡೀರಿ.’ ಆಮೇಲೆ ಒಂದು ಇಂಜೆಕ್ಷನ್, ಬೀದರಿನ ಬ್ರಿಮ್ಸ್‌ಗೋ ಕಲಬುರಗಿಗೋ ಒಂದು ಚೀಟಿ. ನಿಜಾಮರ ಕಾಲದಿಂದಲೂ ಹೈದರಾಬಾದಿನ ದಾರಿ ಬಲ್ಲ ಮನೆಗಳು ಎರ್ರಗಡ್ಡದ ಮಾನಸಿಕ ಆಸ್ಪತ್ರೆಯ ಕಡೆ ಮುಖ ಮಾಡುವುದೂ ಉಂಟು. ಮೊದಲು ಗಾಣಗಾಪುರದ ದತ್ತನ ಸನ್ನಿಧಿಗೆ ಕರೆದೊಯ್ದು, ಅಲ್ಲಿಂದ ಆಸ್ಪತ್ರೆಗೆ ಬರುವವರೂ ಇದ್ದಾರೆ.

ಕುಟುಂಬವನ್ನು ಚಿಕಿತ್ಸೆಯೊಳಗೆ ಕರೆತರುವುದು ಹೇಗೆಂದು ಪಶ್ಚಿಮದ ತರಬೇತಿ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುತ್ತವೆ. ಇಲ್ಲಿ ಕರೆತರುವ ಮಾತೇ ಇಲ್ಲ, ಕುಟುಂಬ ಆಗಲೇ ಬಾಗಿಲಲ್ಲಿ ನಿಂತಿದೆ. ಅದರೊಂದಿಗೆ ಏನು ಮಾತಾಡಬೇಕೆಂಬುದನ್ನು ಮಾತ್ರ ವೈದ್ಯರಿಗೆ ಯಾರೂ ಕಲಿಸಿಲ್ಲ.

ಕಲಿಸಬಲ್ಲವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಇರಿಸಿಕೊಂಡಿದ್ದರು. ಕಾಯಿಲೆ ಏನು, ಮದ್ದು ಹೇಗೆ, ಮನೆಗೆ ಹೋದಮೇಲೆ ಏನು ಎಂಬುದನ್ನು ಅವರಿಗೇ ಹೇಳಿಕೊಡುತ್ತಿದ್ದರು. ವೆಲ್ಲೂರು ಆ ದಾರಿ ಹಿಡಿಯಿತು, ಬೆಂಗಳೂರಿನ ನಿಮ್ಹಾನ್ಸ್ ಕೂಡ. ಇಡೀ ಸಂಸಾರವನ್ನೇ ಸೇರಿಸಿಕೊಂಡು ನಡೆಸಿದ ನಿಮ್ಹಾನ್ಸ್ ವಾರ್ಡಿನ ಅನುಭವವನ್ನು ಭಟ್ಟಿ, ಜಾನಕಿರಾಮಯ್ಯ, ಚನ್ನಬಸವಣ್ಣ ಅವರು 1980ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದರು.

ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಅವರ ಕೆಲಸ. ರೋಗಿಯನ್ನು ಸಾಕುವ ಮನೆಯ ಹೊರೆಯನ್ನು ಅಳೆಯಲು ಅವರು 1981ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಎಷ್ಟು ದುಡ್ಡು ಹೋಯಿತು, ಮನೆಗೆಲಸ ಎಲ್ಲಿ ನಿಂತಿತು, ಹಬ್ಬ-ಜಾತ್ರೆಗೆ ಹೋಗುವುದು ತಪ್ಪಿತೇ, ನೋಡಿಕೊಳ್ಳುವವರ ಆರೋಗ್ಯ ಹೇಗಿದೆ, ನೆರೆಹೊರೆಯ ಜೊತೆ ಮಾತು ನಿಂತಿತೇ ಎಂಬಂಥ ಸಂಗತಿಗಳು ಅದರಲ್ಲಿವೆ. ಆ ಬಳಿಕ ಸ್ಕಿಜೋಫ್ರೇನಿಯಾ ರೋಗಿಗಳ ಒಂದು ಗುಂಪಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ, ಇನ್ನೊಂದಕ್ಕೆ ನರ್ಸ್ ಮನೆಗೇ ಹೋಗಿ ನೋಡಿಕೊಳ್ಳುವ ವ್ಯವಸ್ಥೆ ಮಾಡಿ ಹೋಲಿಸಿದರು. ಮನೆಯಲ್ಲಿದ್ದವರೇ ಹೆಚ್ಚು ಸುಧಾರಿಸಿದರು, ಮನೆಯವರ ಹೊರೆಯೂ ಇಳಿಯಿತು, ಖರ್ಚೂ ಕಡಿಮೆಯಾಯಿತು. ಆ ಪ್ರಶ್ನಾವಳಿಯನ್ನು ಸಂಶೋಧಕರು ಇವತ್ತಿಗೂ ಬಳಸುತ್ತಾರೆ. ತಾಲ್ಲೂಕು ಆಸ್ಪತ್ರೆಯ ಮೇಜಿಗೆ ಮಾತ್ರ ಅದು ಇಳಿದು ಬರಲಿಲ್ಲ.

ಏಕೆಂದು ಹುಡುಕಲು ದೂರ ಹೋಗಬೇಕಿಲ್ಲ. ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಅಂತಿಮ ಪರೀಕ್ಷೆಯಿಲ್ಲ, ಅದು ಜನರಲ್ ಮೆಡಿಸಿನ್ನಿನ ಒಂದು ಮೂಲೆ. ಪ್ರತ್ಯೇಕ ಪರೀಕ್ಷೆಯಿಲ್ಲದ್ದನ್ನು ಯಾವ ವಿದ್ಯಾರ್ಥಿ ಮನಸ್ಸಿಟ್ಟು ಓದಿಯಾನು? ಇದಕ್ಕೆ ವಿರುದ್ಧವಾಗಿ, ಫಿನ್ಲೆಂಡಿನ ಟೋರ್ನಿಯೊ ಪಟ್ಟಣದ ಸುತ್ತ 1980ರ ದಶಕದಲ್ಲಿ ಬೆಳೆದ ಪದ್ಧತಿಯಲ್ಲಿ ಕರೆ ಬಂದ 24 ಗಂಟೆಯೊಳಗೆ ತಂಡವು ರೋಗಿಯನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿಕೊಂಡು ಮಾತಾಡುತ್ತದೆ. ಅಲ್ಲಿ ನರ್ಸುಗಳೂ ಕೆಲಸದ ಜೊತೆಗೇ ಮೂರು ವರ್ಷ ಕುಟುಂಬ ಚಿಕಿತ್ಸೆಯ ತರಬೇತಿ ಪಡೆಯುತ್ತಿದ್ದರು. ಹುಮನಾಬಾದಿನ ವೈದ್ಯರಿಂದ ಮೂರು ವರ್ಷ ಕೇಳುವುದು ಅನ್ಯಾಯ. ಆದರೆ ಮೂರು ಪ್ರಶ್ನೆ ಕೇಳಬಹುದಲ್ಲ?

ದಾರಿಗಳೂ ಇವೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ರಾಜ್ಯ ಸರ್ಕಾರ ತಂದ ಮನೋಚೈತನ್ಯ ಯೋಜನೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಏರ್ಪಾಡು. ಈಗ ನಿಮ್ಹಾನ್ಸ್ ವಿಡಿಯೊ ಮೂಲಕವೂ ಹಳ್ಳಿ ವೈದ್ಯರಿಗೆ ಪಾಠ ಮಾಡುತ್ತದೆ. ಆದರೆ ಮಾತ್ರೆಯ ಪ್ರಮಾಣ ಕಲಿಸುವಷ್ಟು ಸಲೀಸಾಗಿ ಮಾತು ಕಲಿಸಲಾಗದು. ಅನುಭವ ಮಂಟಪದ ನಾಡಿಗೆ ಮಾತಿನ ಬೆಲೆ ಹೇಳಬೇಕೇ ಎಂದು ವೇದಿಕೆ ಮೇಲೆ ಹೇಳುವುದು ಸುಲಭ. ಹೊರಗೆ ಅಷ್ಟುದ್ದ ಪಾಳಿ ನಿಂತಿರುವ ಓಪಿಡಿಯಲ್ಲಿ ಅದನ್ನು ಹೇಳಿ ನೋಡಬೇಕು.

ಏನು ಕಲಿಸಬೇಕು? ಮೊದಲನೆಯದು, ರೋಗಿಯ ಗುಟ್ಟನ್ನು ಮನೆಯವರಿಗೆ ಹೇಳುವುದು ಬೇರೆ, ಮನೆಯವರ ಮಾತು ಕೇಳಿಸಿಕೊಳ್ಳುವುದು ಬೇರೆ. ಗೌಪ್ಯತೆಯ ಕಾನೂನು ಕೇಳಿಸಿಕೊಳ್ಳಬೇಡಿ ಎಂದು ಎಲ್ಲೂ ಹೇಳಿಲ್ಲ. ನಿದ್ದೆ ಎಂದಿನಿಂದ ಕೆಟ್ಟಿತು, ಸಾಯುವ ಮಾತಾಡಿದನೇ, ಯಾರ ಮಾತಿಗೆ ಸುಮ್ಮನಾಗುತ್ತಾನೆ? ಈ ಮೂರಕ್ಕೆ ಉತ್ತರ ಅವ್ವನ ಬಳಿ ಇರುತ್ತದೆ. ತೊಗರಿ, ಸೋಯಾಬೀನ್ ಬೆಳೆಯುವ ಈ ಸೀಮೆಯಲ್ಲಿ ಬೆಳೆಗೆ ಹೊಡೆಯುವ ವಿಷದೆಣ್ಣೆಯ ಡಬ್ಬಿ ಮನೆಯಲ್ಲೇ ಇರುತ್ತದೆ. ಅದನ್ನು ಇವತ್ತೇ ಬೇರೆ ಕಡೆ ಬೀಗ ಹಾಕಿಡಿ ಎಂದು ಹೇಳಲು ಅರ್ಧ ನಿಮಿಷ ಸಾಕು. ಆತ್ಮಹತ್ಯೆಗೆ ಯತ್ನಿಸಿದವರ ಮನೆಯವರು ಪೊಲೀಸ್ ಕೇಸಿಗೆ ಹೆದರಿ ‘ತಪ್ಪಿ ಕುಡದಾನ’ ಎನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. ಆ ಭಯ ಬಿಡಿಸಿದರೆ ನಿಜ ಹೊರಬರುತ್ತದೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಮನೆಯವರನ್ನು ಯಾವಾಗ ಹೊರಗೆ ಕಳಿಸಬೇಕು? ಬಾಣಂತಿ ಸೊಸೆಗೆ ತಲೆ ಕೆಟ್ಟಿದೆ ಎಂದು ಅತ್ತೆ ಹೇಳುವಾಗ, ಹೊಡೆತದ ಗುರುತು ಸೆರಗಿನ ಕೆಳಗಿರಬಹುದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬರುವ ಸೈಕೋಸಿಸ್ ನಿಜವಾದ ತುರ್ತು, ಅಲಕ್ಷಿಸಿದರೆ ತಾಯಿ-ಮಗು ಇಬ್ಬರಿಗೂ ಅಪಾಯ. ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಅವಳೊಬ್ಬಳನ್ನೇ ಐದು ನಿಮಿಷ ಮಾತಾಡಿಸಬೇಕು. ಕುಟುಂಬವೆಂದರೆ ಕರುಣೆಯೇ ಎಂದು ನಂಬಿ ಕೂರುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯ ಮನೋರೋಗಿಗಳ ಆಶ್ರಯತಾಣದಲ್ಲಿ ಬೆಂಕಿಗೆ ಸಿಕ್ಕಿ ಸತ್ತ 28 ಜನರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು. ಅವರಿಗೂ ಮನೆಗಳಿದ್ದವು. ಆದರೆ ಆ ಮನೆಗಳಿಗೆ ಬೇರೆ ದಾರಿ ತೋರಿಸಿದವರು ಎಷ್ಟು ಜನ?

ಈಗಿನ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ತುರ್ತಿನಲ್ಲಿ, ನೋಂದಾಯಿತ ವೈದ್ಯರು ಯಾರೇ ಆಗಲಿ, 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು. ಅಂದರೆ ಮನೋವೈದ್ಯರಿಲ್ಲ ಎಂಬ ಕಾರಣಕ್ಕೆ ಹೋಬಳಿಯ ವೈದ್ಯರು ಕೈಚೆಲ್ಲಬೇಕಿಲ್ಲ.

ಆ ಪ್ರತಿನಿಧಿ ಗಂಡನೋ ಅಣ್ಣನೋ ಆಗಿರಬೇಕೆಂದೇನಿಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ದುಡಿಯುವವರು ಪುಣೆ, ಹೈದರಾಬಾದ್, ಮುಂಬೈಗಳಲ್ಲಿದ್ದಾರೆ, ಊರಲ್ಲಿ ಉಳಿದವರು ಮುದುಕರು. ಪುಣೆಯ ಮಗನನ್ನು ಫೋನಿನಲ್ಲಿ ಸ್ಪೀಕರ್ ಹಾಕಿ ಕೂರಿಸಿಕೊಳ್ಳುವುದೂ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರೂ ಕರೆ ಮಾಡಬಹುದೆಂದು ಹೇಳುವುದೂ ತರಬೇತಿಯ ಭಾಗವಾಗಬೇಕು. ಯಾರು ತನ್ನ ಪರ ಮಾತಾಡಬೇಕೆಂದು ರೋಗಿ ಮೊದಲೇ ಬರೆದುಕೊಡಬಹುದು. ಕಾಯ್ದೆಯ ಪ್ರಕಾರ ಅದಕ್ಕೆ ಸಾದಾ ಕಾಗದ ಸಾಕು, ಸಹಿ ಬಾರದಿದ್ದರೆ ಹೆಬ್ಬೆಟ್ಟು. ಇದನ್ನು ಕೇಳಬೇಕಾದ ಹೊತ್ತು ಕ್ರೂಸರ್ ಬಂದು ನಿಂತ ರಾತ್ರಿಯಲ್ಲ, ಆರಾಮಾಗಿ ಮಾತ್ರೆ ಒಯ್ಯಲು ಬಂದ ಮಂಗಳವಾರ.