ಗಣಿ ಮುಚ್ಚಿದ ನೆಲದಲ್ಲಿ ಕಾಯಕದ ಪ್ರಶ್ನೆ

ಕಾಯಕವೆಂಬ ಪದಕ್ಕೆ ದುಡಿಮೆಯೆಂದಷ್ಟೇ ಅರ್ಥ ಹೇಳಿದರೆ ಸಾಲದು. ಶರಣರ ದೃಷ್ಟಿಯಲ್ಲಿ ಅದು ಸತ್ಯಶುದ್ಧವಾದ ದುಡಿಮೆ. ಅದರ ಫಲವು ದಾಸೋಹಕ್ಕೆ ಸಲ್ಲತಕ್ಕದ್ದು. ಆದರೆ ದುಡಿಯಲು ಸಿದ್ಧವಾಗಿರುವ ಕೈಗೆ ಕಾಯಕವೇ ದೊರೆಯದಿದ್ದರೆ ಗತಿಯೇನು? ಕೋಲಾರದ ಚಿನ್ನದ ಗಣಿ ಪ್ರದೇಶವು ನಮ್ಮ ಮುಂದಿಡುವ ಪ್ರಶ್ನೆಯಿದು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸವನ್ನು ಕೈಗೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಗಣಿಗಳಿಗೆ ಹರಿದುಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರಿಗೂ ಮಿಗಿಲಾದ ಆಳಕ್ಕಿಳಿಯಿತು. ತಮಿಳು, ತೆಲುಗು ಸೀಮೆಗಳಿಂದ ಬಂದ, ಬಹುಪಾಲು ದಲಿತ ಕುಟುಂಬಗಳ ಕಾರ್ಮಿಕರು ಬಂಡೆ ಕೊರೆಯುವ, ಸಿಡಿಮದ್ದು ತುಂಬುವ, ಸುರಂಗಕ್ಕೆ ಮರದ ಆಸರೆ ಕಟ್ಟುವ ವಿದ್ಯೆಗಳನ್ನು ತಲೆಮಾರುಗಳ ಕಾಲ ಕೈಯಿಂದ ಕೈಗೆ ದಾಟಿಸಿದರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಗಣಿಗಳನ್ನು ಮುಚ್ಚಿತು. ಕತ್ತಲೆಯಲ್ಲಿ ಕಲಿತ ಆ ಕೌಶಲ್ಯಕ್ಕೆ ಮೇಲಿನ ಬೆಳಕಿನಲ್ಲಿ ಪ್ರಮಾಣಪತ್ರವಿರಲಿಲ್ಲ. ಮಗನಿಗೆ ದಾಟಿಸಲು ತಂದೆಯ ಬಳಿ ಕೆಲಸವೂ ಉಳಿಯಲಿಲ್ಲ.

ಅಂದಿನಿಂದ ಇಲ್ಲಿಯ ತರುಣ ತರುಣಿಯರಿಗೆ ಮೂರು ತೊಡಕುಗಳು ಎದುರಾಗಿವೆ. ಮೊದಲನೆಯದು ಪ್ರಮಾಣಪತ್ರದ್ದು. ಹತ್ತನೆಯ ತರಗತಿಯಲ್ಲಿ ಎಡವಿದವನಿಗೆ ಐ.ಟಿ.ಐ.ಯ ಹಲವು ವೃತ್ತಿಗಳ ಬಾಗಿಲು ತೆರೆಯದು. ಉತ್ತೀರ್ಣನಾದವನು ಮಾತ್ರ ಫಿಟ್ಟರ್, ಟರ್ನರ್ ಮೊದಲಾದ ವೃತ್ತಿಗಳನ್ನು ಕಲಿತು, 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಭತ್ಯೆ ಪಡೆಯುತ್ತ ಕಾರ್ಖಾನೆಯಲ್ಲಿ ಪಳಗಬಹುದು. ಎರಡನೆಯದು ಭಾಷೆಯದು. ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡುವ ಮಗುವಿಗೆ ರಾಜ್ಯ ಸರ್ಕಾರದ ಹುದ್ದೆಗೆ ಕನ್ನಡ ಬೇಕು. ಅದನ್ನು ಗದರಿಕೆಯಿಂದಲ್ಲ, ಅಕ್ಕರೆಯಿಂದ ಕಲಿಸಬೇಕು. ಮೂರನೆಯದು ದೂರ. ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಸಾವಿರಾರು ಜನ ನಿತ್ಯವೂ ನಸುಕಿನಲ್ಲಿ ಹೊರಟು ಇರುಳಿನಲ್ಲಿ ಮರಳುತ್ತಾರೆ. ಹೀಗೆ ದಿನವೆಲ್ಲ ಕಳೆದುಹೋದವನಿಗೆ ಸಂಜೆಯ ವ್ಯಾಸಂಗವೆಂಬುದು ಮಾತಿಗಷ್ಟೇ ಉಳಿಯುತ್ತದೆ.

ಆದುದರಿಂದ ಈ ಮಕ್ಕಳಿಗೆ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ. ಅನುತ್ತೀರ್ಣರಾದವರಿಗೆ ಮತ್ತೆ ಪರೀಕ್ಷೆಗೆ ಕೂರುವ ಪಾಠ, ಅರ್ಜಿ ತುಂಬಲು ತಿಳಿದವರ ನೆರವು, ಮೊದಲ ಸಂಬಳ ಕೈಸೇರುವವರೆಗೆ ರೈಲಿನ ಪಾಸಿನ ಹಣ, ರಜೆಯ ದಿನದಲ್ಲಿ ಓದಲು ಶಾಂತವಾದ ಒಂದು ಕೊಠಡಿ: ಇವು ಸಣ್ಣವೆಂದು ತೋರಿದರೂ ಒಂದು ಬದುಕಿನ ದಿಕ್ಕನ್ನು ಬದಲಿಸಬಲ್ಲವು. ಹಸಿದವನಿಗೆ ಅನ್ನವಿಡುವುದು ದಾಸೋಹ. ಅವನು ತನ್ನ ಅನ್ನವನ್ನು ತಾನೇ ದುಡಿದು, ಇನ್ನೊಬ್ಬನಿಗೂ ಇಡುವಂತೆ ಮಾಡುವುದು ಅದಕ್ಕಿಂತ ಕಿರಿದಾದುದಲ್ಲ. ಕಾಯಕದ ಹಿರಿಮೆಯನ್ನು ಸಾರುವವರು ಕಾಯಕಕ್ಕೆ ದಾರಿಯನ್ನೂ ತೋರಬೇಕು.