ಪೇಟೆಯ ಒಗ್ಗಟ್ಟು

ತಾಲ್ಲೂಕು ಕೇಂದ್ರವಾದ ಒಂದು ಸಣ್ಣ ಊರಿನ ಪೇಟೆಬೀದಿ ಬೆಳಗಿನ ಹೊತ್ತಿನಲ್ಲಿ ನೋಡತಕ್ಕ ನೋಟ. ಕಿರಾಣಿ ಅಂಗಡಿಯವನು ಬಾಗಿಲು ತೆರೆದು, ಮುಂದಿನ ನೆಲಕ್ಕೆ ನೀರು ಚಿಮುಕಿಸಿ, ತಕ್ಕಡಿಗೆ ಕೈಮುಗಿದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುತ್ತಾನೆ. ಜವಳಿ ಅಂಗಡಿಯಲ್ಲಿ ಸೀರೆಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ. ಹಿಟ್ಟಿನ ಗಿರಣಿಯ ಸದ್ದಿನೊಡನೆ ಕಮ್ಮಾರಸಾಲೆಯ ಸುತ್ತಿಗೆಯ ಸದ್ದು ಬೆರೆಯುತ್ತದೆ. ಇಲ್ಲಿ ಪ್ರತಿಯೊಬ್ಬನೂ ತನ್ನ ಬಂಡವಾಳವನ್ನು ತಾನೇ ಹೂಡಿದವನು. ಲಾಭವೂ ಅವನದೇ, ನಷ್ಟವೂ ಅವನದೇ. ಪಕ್ಕದ ಅಂಗಡಿಯವನು ಅವನಿಗೆ ನೆರೆಯವನೂ ಹೌದು, ಪ್ರತಿಸ್ಪರ್ಧಿಯೂ ಹೌದು. ಹೀಗೆ ಪೈಪೋಟಿಯಲ್ಲಿ ಬಾಳುವವರು ಒಂದು ಸಂಸ್ಥೆಯಾಗಿ ಕೂಡುವುದಾದರೂ ಏತಕ್ಕೆ? ಕೂಡಿದರೆ ಅದರಿಂದ ಊರಿಗೆ ಏನು ಪ್ರಯೋಜನ?

ಅಂಗಡಿಯೊಳಗಿನ ತೊಂದರೆಗಳನ್ನು ವ್ಯಾಪಾರಿ ತಾನೇ ನೀಗಿಸಿಕೊಳ್ಳಬಲ್ಲನು. ಸರಕು ಮಾರಾಟವಾಗದೆ ಉಳಿದರೆ ಬೆಲೆ ಇಳಿಸಿ ಮಾರುತ್ತಾನೆ. ಬಾಕಿ ಬೆಳೆದರೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ತೂಗುಹಾಕುತ್ತಾನೆ. ಆದರೆ ಹೊಸ್ತಿಲಿನಿಂದಾಚೆಯ ತೊಂದರೆಗಳು ಅವನ ಕೈಗೆ ಮೀರಿದವು. ಊರಿಗೆ ಬರುವ ರಸ್ತೆ ಕೆಟ್ಟು ಸರಕಿನ ಸಾಗಾಣಿಕೆಯ ವೆಚ್ಚ ಏರಬಹುದು. ಸುಗ್ಗಿಯ ಕಾಲದಲ್ಲೇ ವಿದ್ಯುತ್ತು ಕೈಕೊಟ್ಟು ಗಿರಣಿ ನಿಲ್ಲಬಹುದು. ತೆರಿಗೆಯ ನಿಯಮ ಬದಲಾದುದು ತಿಳಿಯದೆ ದಂಡ ತೆರಬೇಕಾಗಬಹುದು. ಒಬ್ಬ ಚಿಕ್ಕ ವ್ಯಾಪಾರಿ ಇವುಗಳ ಬಗೆಗೆ ಬರೆದ ಅರ್ಜಿ ಕಚೇರಿಯ ಕಡತದಲ್ಲಿ ಒಂದು ಹಾಳೆ ಮಾತ್ರ. ಅದೇ ಅರ್ಜಿಗೆ ಇಡೀ ಪೇಟೆ ರುಜು ಹಾಕಿದಾಗ ಅದು ಊರಿನ ಮಾತಾಗುತ್ತದೆ.

ಈ ಅರಿವಿನಿಂದ ಹುಟ್ಟಿದುದೇ ವಾಣಿಜ್ಯ ಸಂಸ್ಥೆ. ‘ಛೇಂಬರ್ ಆಫ್ ಕಾಮರ್ಸ್’ ಎಂದು ಜನಬಳಕೆಯಲ್ಲಿರುವುದೂ ಇದೇ. ಇದು ಸರ್ಕಾರದ ಇಲಾಖೆಯಲ್ಲ. ತೆರಿಗೆ ವಿಧಿಸುವ, ಶಿಕ್ಷಿಸುವ ಅಧಿಕಾರ ಇದಕ್ಕಿಲ್ಲ. ಇದು ಲಾಭ ಹಂಚಿಕೊಳ್ಳುವ ಕಂಪನಿಯೂ ಅಲ್ಲ. ವ್ಯಾಪಾರಿಗಳು, ಕೈಗಾರಿಕೆ ನಡೆಸುವವರು, ಸೇವೆ ಒದಗಿಸುವವರು ತಾವಾಗಿಯೇ ಸದಸ್ಯರಾಗಿ, ವಂತಿಗೆ ಕೊಟ್ಟು, ಪದಾಧಿಕಾರಿಗಳನ್ನು ಚುನಾಯಿಸಿಕೊಂಡು ನಡೆಸುವ ಕೂಟ. ಒಂದೇ ಸರಕಿನ ವರ್ತಕರ ಸಂಘಕ್ಕೂ ಇದಕ್ಕೂ ವ್ಯತ್ಯಾಸವುಂಟು. ಅಕ್ಕಿ ವರ್ತಕರ ಸಂಘ ಅಕ್ಕಿಯ ವ್ಯಾಪಾರವನ್ನಷ್ಟೇ ಕುರಿತು ಯೋಚಿಸಿದರೆ, ವಾಣಿಜ್ಯ ಸಂಸ್ಥೆ ಇಡೀ ಪೇಟೆಯ ಹಿತವನ್ನು ಕುರಿತು ಯೋಚಿಸುತ್ತದೆ.

ವರ್ತಕರು ಒಗ್ಗೂಡುವುದು ಕನ್ನಡ ನಾಡಿಗೆ ಹೊಸದಲ್ಲ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಮೂಹದ ಉಲ್ಲೇಖ ದಕ್ಷಿಣ ಭಾರತದ ಅನೇಕ ಶಾಸನಗಳಲ್ಲಿದೆ. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನವೊಂದೂ ಈ ಐನೂರ್ವರನ್ನು ಹೆಸರಿಸುತ್ತದೆ. ತಾವು ಪಾಲಿಸುವ ಕಟ್ಟಳೆಯನ್ನು ಅವರು ‘ವೀರಬಣಂಜು ಧರ್ಮ’ ಎಂದು ಕರೆದುಕೊಂಡರು. ತಮ್ಮ ಸರಕಿನ ಮೇಲೆ ತಾವೇ ಸುಂಕ ಹಾಕಿಕೊಂಡು ದೇವಾಲಯಗಳಿಗೆ ದತ್ತಿ ಬಿಟ್ಟರು. ಕೂಡಿ ದುಡಿಯುವುದರ ಜೊತೆಗೆ ಊರಿಗೆ ಕೊಡುವುದೂ ವರ್ತಕನ ಧರ್ಮವೆಂಬ ಭಾವನೆ ಇಲ್ಲಿ ಎದ್ದು ಕಾಣುತ್ತದೆ.

ಇಂದಿನ ರೂಪದ ವಾಣಿಜ್ಯ ಸಂಸ್ಥೆ ಯೂರೋಪಿನಲ್ಲಿ ಬೆಳೆದು ಬಂದುದು. 1599ರಲ್ಲಿ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಆರಂಭವಾದ ಸಂಸ್ಥೆಯನ್ನು ಇವುಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಭಾರತದಲ್ಲಿ 1836ರಲ್ಲಿ ಮುಂಬಯಿ ಮತ್ತು ಮದರಾಸುಗಳಲ್ಲಿ ಇಂಥ ಸಂಸ್ಥೆಗಳು ತಲೆಯೆತ್ತಿದವು. ಅವುಗಳಲ್ಲಿ ಬ್ರಿಟಿಷ್ ವರ್ತಕರದೇ ಮೇಲುಗೈ. ಭಾರತೀಯ ವ್ಯಾಪಾರಿಯ ಕಷ್ಟವನ್ನು ಆಡಳಿತದ ಮುಂದಿಡಲು ಭಾರತೀಯರದೇ ಸಂಸ್ಥೆ ಬೇಕೆಂಬ ವಿಚಾರ ಮೆಲ್ಲನೆ ಬಲಿಯಿತು. 1887ರಲ್ಲಿ ಕಲ್ಕತ್ತೆಯಲ್ಲಿಯೂ 1907ರಲ್ಲಿ ಮುಂಬಯಿಯಲ್ಲಿಯೂ ಅಂಥ ಸಂಸ್ಥೆಗಳು ಸ್ಥಾಪನೆಯಾದವು. 1927ರಲ್ಲಿ ದೇಶದ ಭಾರತೀಯ ವಾಣಿಜ್ಯ ಸಂಸ್ಥೆಗಳನ್ನು ಒಗ್ಗೂಡಿಸುವ ಒಕ್ಕೂಟವೂ ರೂಪುಗೊಂಡಿತು.

ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ಪ್ರೇರಣೆಯಾದವರು ದಿವಾನ ಎಂ. ವಿಶ್ವೇಶ್ವರಯ್ಯನವರು. 1913ರಲ್ಲಿ ಮೈಸೂರು ಬ್ಯಾಂಕು ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದೇ 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಸಂಸ್ಥೆಯೂ ಸ್ಥಾಪಿತವಾಯಿತು. ಬಂಡವಾಳಕ್ಕೆ ಬ್ಯಾಂಕು, ವಿದ್ಯೆಗೆ ವಿಶ್ವವಿದ್ಯಾನಿಲಯ, ವ್ಯಾಪಾರಿಯ ದನಿಗೆ ವಾಣಿಜ್ಯ ಸಂಸ್ಥೆ: ಈ ಮೂರೂ ಒಂದೇ ಕಾಲದಲ್ಲಿ ಮೂಡಿಬಂದುದು ಗಮನಿಸತಕ್ಕ ಸಂಗತಿ. ಆ ಸಂಸ್ಥೆಯೇ ಮುಂದೆ ಬೆಳೆದು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1928ರಲ್ಲಿ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಸ್ಥಾಪನೆಯಾಯಿತು. ಕನ್ನಡ ನಾಡು ಒಂದಾಗುವ ಮುನ್ನವೇ ಅದರ ಹೆಸರಿನಲ್ಲಿ ‘ಕರ್ನಾಟಕ’ವಿದ್ದಿತು. ಇಂದು ಜಿಲ್ಲಾ ಕೇಂದ್ರಗಳಲ್ಲಿಯೂ ಹಲವು ಸಣ್ಣ ಪಟ್ಟಣಗಳಲ್ಲಿಯೂ ಇಂಥ ಸಂಸ್ಥೆಗಳಿವೆ.

ಇವು ಮಾಡುವ ಕೆಲಸವೇನು? ಮೊದಲನೆಯದು, ಪೇಟೆಯ ಪರವಾಗಿ ಮಾತನಾಡುವುದು. ಮುಂಗಡಪತ್ರಕ್ಕೆ ಮುನ್ನ ಸಂಸ್ಥೆ ಸರ್ಕಾರಕ್ಕೆ ಮನವಿ ಸಲ್ಲಿಸುತ್ತದೆ. ರಸ್ತೆ, ಚರಂಡಿ, ಬೀದಿದೀಪಗಳ ವಿಚಾರವನ್ನು ಪುರಸಭೆಯ ಮುಂದಿಡುತ್ತದೆ. ರೈಲ್ವೆ ಬಳಕೆದಾರರ ಸಲಹಾ ಸಮಿತಿಗಳಲ್ಲಿ ವಾಣಿಜ್ಯ ಸಂಸ್ಥೆಗಳ ಪ್ರತಿನಿಧಿಗಳಿಗೂ ಸ್ಥಾನವುಂಟು. ರೈಲುಗಾಡಿ ಒಂದು ಊರಿನಲ್ಲಿ ನಿಲ್ಲಬೇಕೆ, ಸರಕು ಇಳಿಸಲು ನೆರಳಿನ ಕಟ್ಟೆ ಬೇಕೆ ಎಂಬಂಥ ಮಾತುಗಳು ಅಲ್ಲಿ ಚರ್ಚೆಗೆ ಬರುತ್ತವೆ.

ಎರಡನೆಯದು, ತಿಳಿವಳಿಕೆ ನೀಡುವುದು. 2017ರ ಜುಲೈ 1ರಂದು ದೇಶದಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಹಳೆಯ ಕ್ರಮದಲ್ಲಿ ಲೆಕ್ಕ ಬರೆಯುತ್ತಿದ್ದವರು ಹೊಸ ಪದ್ಧತಿ ಕಲಿಯಬೇಕಾಯಿತು. ದೊಡ್ಡ ಕಂಪನಿಗೆ ಲೆಕ್ಕಪರಿಶೋಧಕರ ಪಡೆಯೇ ಇರುತ್ತದೆ. ಸಣ್ಣ ಅಂಗಡಿಯವನಿಗೆ ಇರುವುದು ಅವನ ಕೈಬರಹದ ಖಾತೆಪುಸ್ತಕ. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ ಸರಕು ಮಾರುವ ವ್ಯಾಪಾರಿ ಸಾಮಾನ್ಯವಾಗಿ ಈ ತೆರಿಗೆಗೆ ನೋಂದಣಿ ಮಾಡಿಸಬೇಕಾಗಿಲ್ಲ ಎಂಬುದು ತಿಳಿಯದೆ ಹೆದರುವವರುಂಟು. ನೋಂದಣಿ ಅಗತ್ಯವಿದ್ದೂ ತಿಳಿಯದೆ ದಂಡ ತೆರುವವರೂ ಉಂಟು. ತಜ್ಞರನ್ನು ಊರಿಗೇ ಕರೆಸಿ, ಅವರವರ ಭಾಷೆಯಲ್ಲಿ ವಿವರಿಸಿ ಹೇಳಿಸಿದರೆ ಈ ಎರಡು ಬಗೆಯ ನಷ್ಟವೂ ತಪ್ಪುತ್ತದೆ.

ಮೂರನೆಯದು, ಬರಬೇಕಾದ ಹಣ ಬರುವಂತೆ ನೆರವಾಗುವುದು. ಸಣ್ಣ ಉದ್ಯಮವನ್ನು ಮುಳುಗಿಸುವುದು ಎಷ್ಟೋ ವೇಳೆ ನಷ್ಟವಲ್ಲ, ಬಾಕಿ. ಸರಕು ತಯಾರಿಸಿ ಕಳುಹಿಸಿದವನು ತಿಂಗಳುಗಟ್ಟಲೆ ಕಾಯುತ್ತಾನೆ. ಅಷ್ಟರಲ್ಲಿ ಕೂಲಿ ಕೊಡಬೇಕು, ಬಡ್ಡಿ ಕಟ್ಟಬೇಕು. 2006ರ ಕಾಯಿದೆಯೊಂದರ ಪ್ರಕಾರ ನೋಂದಾಯಿತ ಅತಿ ಸಣ್ಣ ಮತ್ತು ಸಣ್ಣ ತಯಾರಕರಿಗೂ ಸೇವೆ ಒದಗಿಸುವವರಿಗೂ ಕೊಳ್ಳುವವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸಬೇಕು; ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು. ಆದರೆ ದೊಡ್ಡ ಗಿರಾಕಿಯ ವಿರುದ್ಧ ಒಬ್ಬನೇ ದೂರು ಕೊಡಲು ಸಣ್ಣವನು ಅಳುಕುತ್ತಾನೆ. ಮುಂದಿನ ವ್ಯಾಪಾರವೇ ತಪ್ಪೀತೆಂಬ ಭಯ ಅವನನ್ನು ಕಾಡುತ್ತದೆ. ಅಂಥವನಿಗೆ ದಾರಿ ತೋರಿಸಿ, ಬೆನ್ನಿಗೆ ನಿಲ್ಲುವವರು ಬೇಕು. ವ್ಯಾಪಾರಿಗಳ ನಡುವಣ ವ್ಯಾಜ್ಯಗಳನ್ನು ನ್ಯಾಯಾಲಯದ ಮೆಟ್ಟಿಲೇರುವ ಮುನ್ನ ಹಿರಿಯ ಸದಸ್ಯರು ಕುಳಿತು ರಾಜಿಯಿಂದ ತೀರಿಸುವುದೂ ಉಂಟು. ಇದರಿಂದ ಹಣದೊಡನೆ ಬಾಂಧವ್ಯವೂ ಉಳಿಯುತ್ತದೆ.

ನಾಲ್ಕನೆಯದು, ಊರಿನ ಸರಕನ್ನು ಹೊರಗಿನ ಪೇಟೆಗೆ ಪರಿಚಯಿಸುವುದು. ವಸ್ತುಪ್ರದರ್ಶನಗಳನ್ನು ಏರ್ಪಡಿಸಿ ಕೊಳ್ಳುವವರನ್ನೂ ಮಾರುವವರನ್ನೂ ಒಂದೆಡೆ ಕೂಡಿಸಬಹುದು. ವಿದೇಶಕ್ಕೆ ಸರಕು ಕಳುಹಿಸುವಾಗ ಅದು ಯಾವ ದೇಶದಲ್ಲಿ ತಯಾರಾದುದೆಂಬ ಪ್ರಮಾಣಪತ್ರ ಬೇಕಾಗುತ್ತದೆ. ಸರ್ಕಾರದ ಮಾನ್ಯತೆ ಪಡೆದ ವಾಣಿಜ್ಯ ಸಂಸ್ಥೆಗಳು ಅದನ್ನು ನೀಡಬಲ್ಲವು. ಕಡಲಾಚೆಯ ಅಪರಿಚಿತನೊಬ್ಬ ಆ ಪತ್ರವನ್ನು ನಂಬುವುದು ಅದರ ಹಿಂದಿರುವ ಸಂಸ್ಥೆಯ ಪ್ರಾಮಾಣಿಕತೆಯನ್ನು ನಂಬಿ.

ಆದರೆ ಒಗ್ಗಟ್ಟು ಎರಡು ಅಲಗಿನ ಕತ್ತಿ. ರಸ್ತೆಗಾಗಿ ಒಂದಾದವರು ಬೆಲೆ ಏರಿಸುವುದಕ್ಕಾಗಿಯೂ ಒಂದಾಗಬಲ್ಲರು. ‘ಇಷ್ಟಕ್ಕಿಂತ ಕಡಿಮೆಗೆ ಯಾರೂ ಮಾರಕೂಡದು’ ಎಂದು ವರ್ತಕರು ತಮ್ಮೊಳಗೆ ಕಟ್ಟುಪಾಡು ಮಾಡಿಕೊಂಡರೆ ಅದರ ಭಾರ ಬೀಳುವುದು ಬಡ ಗಿರಾಕಿಯ ಮೇಲೆ. 2002ರ ಸ್ಪರ್ಧಾ ಕಾಯಿದೆ ಇಂಥ ಒಪ್ಪಂದಗಳನ್ನು ನಿಷೇಧಿಸಿದೆ. ಕಾಯಿದೆ ಇರಲಿ ಇಲ್ಲದಿರಲಿ, ತೂಕದಲ್ಲಿ ಮೋಸ ಮಾಡುವವನನ್ನು, ಕಲಬೆರಕೆಯ ಸರಕು ಮಾರುವವನನ್ನು ತನ್ನ ಸದಸ್ಯನೆಂಬ ಕಾರಣಕ್ಕೆ ರಕ್ಷಿಸುವ ಸಂಸ್ಥೆ ಪೇಟೆಯ ಹೆಸರನ್ನೇ ಕೆಡಿಸುತ್ತದೆ. ಗಿರಾಕಿಯ ವಿಶ್ವಾಸವೇ ಪೇಟೆಯ ಮೂಲಧನ; ಅದು ಕರಗಿದ ಮೇಲೆ ಯಾವ ಮನವಿಪತ್ರವೂ ಅದನ್ನು ಮರಳಿ ತಾರದು.

ಇನ್ನೊಂದು ಅಪಾಯವೂ ಉಂಟು. ಕೆಲವು ಕಡೆ ಸಂಸ್ಥೆ ಸಿರಿವಂತ ವರ್ತಕರ ಕೂಟವಾಗಿಯೇ ಉಳಿದುಬಿಡುತ್ತದೆ. ಸಭೆಯ ಮುಂದಿನ ಕುರ್ಚಿಗಳು ಅವರಿಗೇ ಮೀಸಲು. ಹೊಸದಾಗಿ ಹೊಲಿಗೆಯಂತ್ರ ಇಟ್ಟುಕೊಂಡ ಹೆಣ್ಣುಮಗಳಿಗಾಗಲಿ, ಸೈಕಲ್ ರಿಪೇರಿಯ ಯುವಕನಿಗಾಗಲಿ ಅಲ್ಲಿ ಜಾಗವಿಲ್ಲ. ಬೀದಿಬದಿಯ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ಕಾಯಿದೆಯೇ ಬಂದಿದೆ. ಹೀಗಿದ್ದೂ ತಳ್ಳುಗಾಡಿಯವನನ್ನು ಪೇಟೆಯ ಶತ್ರುವೆಂದು ಕಾಣುವವರಿದ್ದಾರೆ. ಇಂದಿನ ಎಷ್ಟೋ ದೊಡ್ಡ ಅಂಗಡಿಗಳು ಒಂದು ಕಾಲದಲ್ಲಿ ಬುಟ್ಟಿಯ ವ್ಯಾಪಾರಗಳೇ ಆಗಿದ್ದುವೆಂಬುದನ್ನು ಮರೆಯಬಾರದು. ದೊಡ್ಡ ವರ್ತಕನು ತನ್ನ ಮಾತನ್ನು ತಾನೇ ಅಧಿಕಾರಿಗಳಿಗೆ ಮುಟ್ಟಿಸಬಲ್ಲನು. ಸಂಸ್ಥೆಯ ಅಗತ್ಯ ಹೆಚ್ಚಾಗಿರುವುದು, ಯಾರ ಮಾತನ್ನು ಯಾರೂ ಕೇಳುವುದಿಲ್ಲವೋ ಅವನಿಗೆ. ಆದುದರಿಂದ ಒಂದು ವಾಣಿಜ್ಯ ಸಂಸ್ಥೆಯ ಯೋಗ್ಯತೆಯನ್ನು ಅಳೆಯಬೇಕಾದುದು ಅದರ ಕಟ್ಟಡದ ಎತ್ತರದಿಂದಲ್ಲ, ಅದರ ಅತಿ ಸಣ್ಣ ಸದಸ್ಯನಿಗೆ ದೊರೆತ ನೆರವಿನಿಂದ.

ಸಣ್ಣ ಊರಿನ ಪೇಟೆ ಬಾಡಿದರೆ ಬಾಗಿಲು ಮುಚ್ಚುವುದು ಅಂಗಡಿಗಳು ಮಾತ್ರವಲ್ಲ. ಅಲ್ಲಿ ದುಡಿಯುವ ಹಮಾಲರು, ಗುಮಾಸ್ತರು, ಗಾಡಿಯವರು ಕೆಲಸ ಕಳೆದುಕೊಳ್ಳುತ್ತಾರೆ. ಸುತ್ತಲಿನ ಹಳ್ಳಿಯ ರೈತ ತನ್ನ ಬೆಳೆಯನ್ನು ದೂರ ಸಾಗಿಸಬೇಕಾಗುತ್ತದೆ. ಊರಿನ ಮಕ್ಕಳು ಕೆಲಸ ಹುಡುಕಿಕೊಂಡು ಮಹಾನಗರದ ಬಸ್ಸು ಹತ್ತುತ್ತಾರೆ. ಪೇಟೆ ಚಿಗುರಿದರೆ ಇವರೆಲ್ಲರೂ ಊರಿನಲ್ಲಿಯೇ ಉಳಿಯುತ್ತಾರೆ. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆ ಇದೆ. ಬಳ್ಳವೆಂಬುದು ಅಳೆಯುವ ಮಾಪು. ಅದು ತುಂಬಲು ತೆನೆ ಕೂಡಬೇಕು, ಅಳೆಯುವ ಕೈಯೂ ಶುದ್ಧವಾಗಿರಬೇಕು. ಒಗ್ಗಟ್ಟು ಮತ್ತು ಪ್ರಾಮಾಣಿಕತೆ ಎರಡೂ ಸೇರಿದಲ್ಲಿ ಸಣ್ಣ ಊರಿನ ಪೇಟೆಗೆ ಏಳಿಗೆಯುಂಟು.